ಗಂಟೆಗೆ ಎಷ್ಟು ಘನಮೀಟರ್?

ಕಾಡಿನಿಂದ ಮರವನ್ನು ಹೊರತರುವ ಯಂತ್ರಗಳ ಕುರಿತು ಉತ್ತರದ ಶೀತ ದೇಶಗಳಲ್ಲಿ, ಮುಖ್ಯವಾಗಿ ಕೆನಡಾ, ಸ್ವೀಡನ್ ಮತ್ತು ಫಿನ್ಲೆಂಡುಗಳಲ್ಲಿ, ಅರ್ಧ ಶತಮಾನಕ್ಕೂ ಮೀರಿ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಬಹುಪಾಲು ಒಂದೇ ಅಳತೆಗೋಲನ್ನು ಹಿಡಿದು ಹೊರಟಿವೆ. ಯಂತ್ರ ದುಡಿದ ಒಂದು ಗಂಟೆಗೆ ಎಷ್ಟು ಘನಮೀಟರ್ ನಾಟಾ ರಸ್ತೆಯ ಬದಿಗೆ ಬಂದು ಬಿದ್ದಿತು ಎಂಬುದೇ ಆ ಅಳತೆಗೋಲು. ಹಿಮ ಸುರಿಯುವ ನಾಡಿನ ಈ ಲೆಕ್ಕಕ್ಕೂ ಖಾನಾಪುರದ ಕಾಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಆ ನಾಡುಗಳ ದೈತ್ಯ ಯಂತ್ರಗಳು ಲೋಂಡಾ, ನಾಗರಗಾಳಿಗಳ ಇಳಿಜಾರಿಗೆ ಇನ್ನೂ ಬಂದಿಲ್ಲವೆಂಬುದು ನಿಜ. ಆದರೆ ಚೈನ್‌ಸಾ ಬಂದಿದೆ, ಟ್ರ್ಯಾಕ್ಟರು ಬಂದಿದೆ, ಕ್ರೇನು ಬಂದಿದೆ, ಊರವರೆಲ್ಲ ಹಿಟಾಚಿ ಎಂದು ಕರೆಯುವ ಅಗೆಯುವ ಯಂತ್ರವೂ ಬಂದಿದೆ. ಅವುಗಳ ಹಿಂದೆಯೇ ಗಂಟೆಯ ಲೆಕ್ಕವೂ ಸದ್ದಿಲ್ಲದೆ ಬಂದು ಕುಳಿತಿದೆ. ಆ ದೇಶಗಳು ಇದೇ ಲೆಕ್ಕದ ಜೊತೆಜೊತೆಯಲ್ಲಿ ಕಲಿತ ಎಚ್ಚರಿಕೆ ಮಾತ್ರ ಇನ್ನೂ ದಾರಿಯಲ್ಲಿದೆ.

ಆ ಎಚ್ಚರಿಕೆ ಯಾವುದೆಂದು ತಿಳಿಯಬೇಕಾದರೆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಹಾರ್ವೆಸ್ಟರ್ ಎಂಬ ಯಂತ್ರ ನಿಂತ ಮರವನ್ನು ಹಿಡಿದು ಕತ್ತರಿಸಿ, ಕೊಂಬೆ ಸವರಿ, ತುಂಡರಿಸಿ ಮಲಗಿಸುತ್ತದೆ. ಫಾರ್ವರ್ಡರ್ ಎಂಬುದು ಆ ತುಂಡುಗಳನ್ನು ಬೆನ್ನ ಮೇಲೆ ಹೇರಿಕೊಂಡು ರಸ್ತೆಗೆ ತರುತ್ತದೆ. ಸ್ಕಿಡರ್ ಮರವನ್ನು ಇಡಿಯಾಗಿ ನೆಲದ ಮೇಲೆ ಎಳೆದು ತರುತ್ತದೆ. ಇವುಗಳ ಉತ್ಪಾದಕತೆಯನ್ನು ನಿರ್ಧರಿಸುವ ಅಂಶಗಳಲ್ಲಿ ಮೊದಲನೆಯದು ಮರದ ಗಾತ್ರ. ಒಂದು ಮರವನ್ನು ಹಿಡಿದು ಮಲಗಿಸಲು ಬೇಕಾಗುವ ಸಮಯ, ಮರ ದಪ್ಪವಾದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಆದ್ದರಿಂದ ಯಂತ್ರದ ಶಕ್ತಿಯ ಮಿತಿಯೊಳಗೆ ಮರ ದೊಡ್ಡದಾದಷ್ಟೂ ಗಂಟೆಯ ಫಸಲು ಹೆಚ್ಚು. ಎರಡನೆಯದು ದೂರ. ಕಡಿದ ಜಾಗದಿಂದ ರಸ್ತೆಗೆ ದೂರ ಹೆಚ್ಚಿದಂತೆ ಫಸಲು ಕುಸಿಯುತ್ತದೆ. ಮೂರನೆಯದು ಕಡಿತದ ದಟ್ಟಣೆ. ಒಂದೇ ಕಡೆ ಸಾಲಾಗಿ ಕಡಿಯುವಾಗ ಯಂತ್ರ ಹೆಚ್ಚು ಅಲುಗಾಡಬೇಕಿಲ್ಲ. ಅಲ್ಲೊಂದು ಇಲ್ಲೊಂದು ಮರವನ್ನು ಆಯ್ದು ಕಡಿಯುವಾಗಲಾದರೋ ಉಳಿಯಬೇಕಾದ ಮರಗಳ ನಡುವೆ ನುಸುಳಬೇಕು, ತಿರುಗಬೇಕು, ಹಿಂದೆ ಸರಿಯಬೇಕು. ಸಮಯ ಅಲ್ಲಿಯೇ ಸೋರಿಹೋಗುತ್ತದೆ.

ಈ ಮೂರು ಅಂಶಗಳನ್ನು ಮುಂದಿಟ್ಟುಕೊಂಡು, ಗಂಟೆಯ ಫಸಲನ್ನು ಹೆಚ್ಚಿಸುವುದೊಂದೇ ಗುರಿಯೆಂದು ಭಾವಿಸಿದವನು ಏನು ಮಾಡುತ್ತಾನೆಂದು ಊಹಿಸುವುದು ಕಷ್ಟವೇನಲ್ಲ. ದೊಡ್ಡ ಮರಗಳಿಗೇ ಗುರುತು ಹಾಕಿಸುತ್ತಾನೆ. ರಸ್ತೆಯನ್ನು ಕಾಡಿನ ಇನ್ನಷ್ಟು ಒಳಕ್ಕೆ ಎಳೆಸುತ್ತಾನೆ. ಒಂದು ಮರದ ಜಾಗದಲ್ಲಿ ಮೂರನ್ನು ಕಡಿಸುತ್ತಾನೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ, ಅಳತೆಗೋಲೇ ಕೈಹಿಡಿದು ಅತ್ತ ನಡೆಸುತ್ತದೆ. ಹಳೆಯ ದೊಡ್ಡ ಮರವೆಂದರೆ ಬೀಜದ ಮರ. ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುವ ಮರವೂ ಅದೇ. ಇವೆರಡಕ್ಕೂ ಘನಮೀಟರಿನಲ್ಲಿ ಬೆಲೆಯಿಲ್ಲ.

ಉತ್ತರದ ದೇಶಗಳು ಇದನ್ನು ತಡವಾಗಿಯಾದರೂ ಗುರುತಿಸಿದವು. ಅಲ್ಲಿ ಮರಗಳನ್ನು ತೆಳುಗೊಳಿಸುವಾಗ ಯಂತ್ರ ಸಂಚರಿಸಲು ಸುಮಾರು 4 ಮೀಟರ್ ಅಗಲದ ಪಟ್ಟಿಗಳನ್ನು, ಸುಮಾರು 20 ಮೀಟರಿಗೆ ಒಂದರಂತೆ, ತೆರವು ಮಾಡುವ ರೂಢಿಯಿದೆ. ಕಾಗದದ ಮೇಲೆ ಯಾರು ಬೇಕಾದರೂ ಲೆಕ್ಕ ಹಾಕಬಹುದು: ಐದರಲ್ಲಿ ಒಂದು ಪಾಲು ನೆಲ ಯಂತ್ರದ ದಾರಿಗೇ ಹೋಯಿತು. ತುಂಬಿದ ಫಾರ್ವರ್ಡರಿನ ತೂಕವೂ ಸಣ್ಣದಲ್ಲ. ಖಾಲಿಯಿರುವಾಗಲೇ ಅದು 15 ಟನ್ನಿನ ಆಸುಪಾಸಿನಲ್ಲಿರುತ್ತದೆ, ಹೇರು ಅದರ ಮೇಲೆ. ಅಂಥ ಭಾರದಡಿಯಲ್ಲಿ ಮಣ್ಣು ಗಟ್ಟಿಯಾಗುವ ಕ್ರಿಯೆಯ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಮುಗಿದುಹೋಗುತ್ತದೆ ಎಂಬುದು ಆ ಅಧ್ಯಯನಗಳಿಂದ ಹೊರಬಿದ್ದ ಅತ್ಯಂತ ಉಪಯುಕ್ತ ಸಂಗತಿ. ಅಂದರೆ ಕಾಡಿನ ತುಂಬ ಒಂದೊಂದು ಸಲ ಓಡಾಡುವುದಕ್ಕಿಂತ, ಗುರುತು ಮಾಡಿದ ಒಂದೇ ದಾರಿಯಲ್ಲಿ ನೂರು ಸಲ ಓಡಾಡುವುದು ಮೇಲು. ಆದ್ದರಿಂದಲೇ ಅಲ್ಲಿ ದಾರಿಯನ್ನು ಮೊದಲು ನಕ್ಷೆಯಲ್ಲಿ ಎಳೆದು, ಆ ಬಳಿಕ ಯಂತ್ರವನ್ನು ಇಳಿಸುತ್ತಾರೆ. ಮೃದುವಾದ ನೆಲದಲ್ಲಿ ಕೆಲಸವನ್ನು ಚಳಿಗಾಲಕ್ಕೆ, ನೆಲ ಹೆಪ್ಪುಗಟ್ಟುವ ತಿಂಗಳುಗಳಿಗೆ ಮೀಸಲಿಡುತ್ತಾರೆ. ದೀರ್ಘಕಾಲ ಬೋಳುಕಡಿತವನ್ನೇ ನೆಚ್ಚಿಕೊಂಡಿದ್ದ ಫಿನ್ಲೆಂಡ್ 2014ರಲ್ಲಿ ಜಾರಿಗೆ ಬಂದ ಅರಣ್ಯ ಕಾಯ್ದೆಯ ತಿದ್ದುಪಡಿಯಿಂದ, ಬೇರೆ ಬೇರೆ ವಯಸ್ಸಿನ ಮರಗಳನ್ನು ಉಳಿಸಿಕೊಂಡು ಆಯ್ದು ಕಡಿಯುವ ಪದ್ಧತಿಗೂ ಅವಕಾಶ ಕೊಟ್ಟಿತು.

ಖಾನಾಪುರದಲ್ಲಿ ಹೆಪ್ಪುಗಟ್ಟುವ ನೆಲವಿಲ್ಲ. ಇಲ್ಲಿರುವುದು ಜಂಬಿಟ್ಟಿಗೆಯ ಕೆಮ್ಮಣ್ಣು, ಇಳಿಜಾರು ಮತ್ತು ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ. ಕಣಕುಂಬಿ, ಆಮಗಾಂವಗಳ ಕಡೆ ಬೀಳುವ ಮಳೆ ಬೆಳಗಾವಿ ನಗರದ ಮಳೆಯ ಹಲವು ಪಟ್ಟು. ಬೇಸಿಗೆಯಲ್ಲಿ ದಿಮ್ಮಿ ಎಳೆದ ಗುರುತು ಮಳೆಗಾಲದ ಮೊದಲ ವಾರದಲ್ಲಿ ಕಾಲುವೆಯಾಗುತ್ತದೆ. ಗಟ್ಟಿಯಾದ ಮಣ್ಣು ನೀರನ್ನು ಇಂಗಗೊಡದೆ ಕೆಳಗೆ ಅಟ್ಟುತ್ತದೆ. ಎರಡನೆಯ ಮಳೆಗಾಲಕ್ಕೆ ಆ ಕಾಲುವೆ ಕೊರಕಲಾಗುತ್ತದೆ. ಇದು ಯಾವುದೋ ದೂರದ ಗುಡ್ಡದ ಕಥೆಯೆಂದು ಬೆಳಗಾವಿಯ ನಾಗರಿಕರು ಭಾವಿಸುವಂತಿಲ್ಲ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅದು ನವಿಲುತೀರ್ಥದ ಜಲಾಶಯವನ್ನು ತುಂಬಿಸಿ ಹುಬ್ಬಳ್ಳಿ ಧಾರವಾಡಗಳ ನಲ್ಲಿಗೂ ಹೋಗುತ್ತದೆ. ಮಹದಾಯಿಯ ಮೂಲ ತೊರೆಗಳು ಭೀಮಗಡದ ಕಾಡಿನಲ್ಲಿವೆ. ಬೆಳಗಾವಿ ನಗರಕ್ಕೆ ನೀರು ಕೊಡುವ ರಕ್ಕಸಕೊಪ್ಪ ಜಲಾಶಯವನ್ನು ತುಂಬಿಸುವ ಮಾರ್ಕಂಡೇಯ ನದಿಯೂ ಇದೇ ಗುಡ್ಡಸಾಲಿನ ಮಗು. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಗಳಲ್ಲಿ ಕಳಸಾ ಬಂಡೂರಿಯ ಮಾತು ಬಾರದಿರುವುದು ಅಪರೂಪ. ಆ ನೀರನ್ನು ಹಿಡಿದಿಟ್ಟಿರುವ ಮಣ್ಣಿನ ಮಾತು ಬಂದದ್ದು ಇನ್ನೂ ಅಪರೂಪ.

ಖಾನಾಪುರದ ನಾಟಾಕ್ಕೆ ದೀರ್ಘ ಇತಿಹಾಸವಿದೆ. ಮುಂಬಯಿ ಪ್ರಾಂತದ ಆಡಳಿತದಲ್ಲಿ, 1880ರ ದಶಕದ ಕೊನೆಯ ಹೊತ್ತಿಗೆ, ರೈಲುಹಳಿ ಲೋಂಡಾವನ್ನು ಹಾದು ಗೋವೆಯತ್ತ ಇಳಿದಾಗ ಈ ಕಾಡು ಬಂದರಿಗೂ ಪೇಟೆಗೂ ಒಮ್ಮೆಲೇ ಹತ್ತಿರವಾಯಿತು. ಸಾಗವಾನಿ, ಮತ್ತಿ, ಕಿಂದಳ, ನಂದಿ, ಜಂಬೆ, ಹೊನ್ನೆಗಳು ದಿಮ್ಮಿಗಳಾಗಿ, ಹಳಿಯಡಿಯ ಅಡ್ಡಪಟ್ಟಿಗಳಾಗಿ, ತೊಲೆ ಹಲಗೆಗಳಾಗಿ ಹೊರಟವು. ಹೆಂಚು, ಮಡಕೆಗಳಿಗೆ ಹೆಸರಾದ ಖಾನಾಪುರದ ಭಟ್ಟಿಗಳು ಸೌದೆಯನ್ನು ನುಂಗಿದವು. ಆಗ ಕಡಿಯುತ್ತಿದ್ದುದು ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ. ಎಳೆಯುತ್ತಿದ್ದುದು ಕೋಣ, ಎತ್ತು, ಕೆಲವೆಡೆ ಆನೆ. ಅಂದಿನ ನಿಧಾನವನ್ನು ಇಂದು ಹಾಡಿ ಹೊಗಳುವ ರೂಢಿಯೊಂದು ಪರಿಸರದ ಬರಹಗಳಲ್ಲಿ ಬೆಳೆದಿದೆ. ಅದು ಅಷ್ಟು ಸರಿಯಲ್ಲ. ಕೊಡಲಿ ಕೋಣಗಳಿಂದಲೇ ಸಹ್ಯಾದ್ರಿಯ ಎಷ್ಟೋ ಕಾಡು ಬರಿದಾಯಿತು, ಬಿದ್ದ ಮರದಡಿ ಸಿಕ್ಕಿ ಎಷ್ಟೋ ಕೂಲಿಗಳು ಕೈಕಾಲು ಕಳೆದುಕೊಂಡರು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕೋಣಕ್ಕೆ ಮರಗಳ ನಡುವೆ ದಾರಿ ಸಾಕಾಗುತ್ತಿತ್ತು, ಯಂತ್ರಕ್ಕೆ ದಾರಿಯನ್ನು ಮಾಡಿಕೊಡಬೇಕು.

ಆಯ್ದ ಕಡಿತವೆಂಬ ಸೌಮ್ಯವಾದ ಹೆಸರಿನ ಹಿಂದೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಮಲೆನಾಡು ಎತ್ತಿದ್ದು ಇದೇ ಮೊದಲಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಜನ ಕಳಾಸೆಯ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ ಆ ದಿನವನ್ನು ಈಗ ಭಾವುಕವಾಗಿ ನೆನೆಯುವವರೇ ಹೆಚ್ಚು. ಅಂದು ಅದರ ಹಿಂದೆ ಒಂದು ಲೆಕ್ಕದ ಜಗಳವಿತ್ತೆಂಬುದು ಮರೆತುಹೋಗಿದೆ. ಎಕರೆಗೆ ಗುರುತು ಹಾಕಿದ ಮರ ಬೆರಳೆಣಿಕೆಯಷ್ಟೇ, ಆದ್ದರಿಂದ ಕಾಡಿಗೆ ಧಕ್ಕೆಯಿಲ್ಲ ಎಂಬುದು ಅಧಿಕೃತ ನಿಲುವಾಗಿತ್ತು. ಆ ಮರ ಉರುಳುವಾಗ, ಅದನ್ನು ಎಳೆಯುವಾಗ ಮುರಿಯುವ ಮರಗಳನ್ನೂ ಎಣಿಸಿರಿ ಎಂಬುದು ಹಳ್ಳಿಗರ ಹಟವಾಗಿತ್ತು. ಅವರು ಅಧಿಕಾರಿಗಳನ್ನೂ ತಜ್ಞರನ್ನೂ ಕಾಡಿಗೆ ಕರೆದೊಯ್ದು ಮುರಿದ ಮರಗಳನ್ನು ತೋರಿಸಿದರು. ಪಾಂಡುರಂಗ ಹೆಗಡೆಯವರು ಮತ್ತು ಅವರ ಸಂಗಾತಿಗಳು ಆ ಹೋರಾಟವನ್ನು ಊರಿಂದೂರಿಗೆ ಒಯ್ದರು. ಪಶ್ಚಿಮಘಟ್ಟದ ನೈಸರ್ಗಿಕ ಕಾಡಿನಲ್ಲಿ ಹಸಿಮರದ ಕಡಿತವನ್ನು ರಾಜ್ಯ ಸರಕಾರ ಕ್ರಮೇಣ ಕೈಬಿಡುವುದರಲ್ಲಿ ಆ ಎಣಿಕೆಯ ಪಾಲು ದೊಡ್ಡದು.

ಆನಂತರದ ಕಾನೂನಿನ ಹಾದಿ ಓದುಗರಿಗೆ ಪರಿಚಿತವೇ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಆದಾಯದ ಮೂಲವೆಂದು ನೋಡುವ ದೃಷ್ಟಿಯನ್ನು ಹಿಂದಕ್ಕೆ ಸರಿಸಿತು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 12ರಂದು ನೀಡಿದ ಆದೇಶದಿಂದ, ಅನುಮೋದಿತ ಕಾರ್ಯ ಯೋಜನೆಯಿಲ್ಲದ ಕಡಿತ ನಿಂತಿತು. ಅದೇ ನ್ಯಾಯಾಲಯ 2000ದ ಫೆಬ್ರುವರಿಯಲ್ಲಿ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಒಣಗಿದ, ಬಿದ್ದ ಮರಗಳನ್ನೂ ತೆಗೆಯಕೂಡದೆಂದು ತಡೆಯಿತು. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ವಿಸ್ತೀರ್ಣದ ಭೀಮಗಡ ವನ್ಯಜೀವಿ ಧಾಮ ಘೋಷಣೆಯಾದ ಮೇಲೆ ಆ ನಿಯಮ ಖಾನಾಪುರದ ಕಾಡಿನ ದೊಡ್ಡದೊಂದು ಭಾಗಕ್ಕೂ ಅನ್ವಯವಾಯಿತು. ಬಿದ್ದ ಸಾಗವಾನಿ ಕಣ್ಣೆದುರಿಗೇ ಕೊಳೆಯುವುದನ್ನು ಕಂಡು ಹಲಬುವವರು ಲೋಂಡಾದಲ್ಲಿಯೂ ಇದ್ದಾರೆ, ಬೆಳಗಾವಿಯ ಕಟ್ಟಿಗೆ ಪೇಟೆಯಲ್ಲಿಯೂ ಇದ್ದಾರೆ. ಅವರ ಸಂಕಟ ಅರ್ಥವಾಗುವಂಥದೇ. ಆ ಕೊಳೆಯುವ ಮರ ಮಣ್ಣಿಗೆ ಮರಳುತ್ತಿದೆ ಎಂಬುದನ್ನು ಅವರಿಗೆ ಯಾರಾದರೂ ತಾಳ್ಮೆಯಿಂದ ವಿವರಿಸಿದ್ದಾರೆಯೇ ಎಂಬುದು ಬೇರೆ ಮಾತು.

ಹಾಗಾದರೆ ಇಂದು ತಾಲ್ಲೂಕಿನಿಂದ ಮರ ಹೊರಡುವುದು ಯಾವ ಬಾಗಿಲಿನಿಂದ? ಇಲಾಖೆಯ ಸಾಗವಾನಿ ಮತ್ತು ಅಕೇಶಿಯಾ ನೆಡುತೋಪುಗಳಿಂದ ಸ್ವಲ್ಪ. ಮಾಲ್ಕಿ ಜಮೀನುಗಳಿಂದ ಸ್ವಲ್ಪ. ಜಾಂಬೋಟಿ, ಕಣಕುಂಬಿಗಳ ಕಡೆ ಕಾಡಿನಂತೆಯೇ ಕಾಣುವ ಮಾಲ್ಕಿ ಭೂಮಿ ಇದೆ. ಅಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಮರದ ಜಾತಿ, ಸಂಖ್ಯೆಗಳ ಮೇಲೆ ಕಣ್ಣಿಡುತ್ತದೆ. ಅದನ್ನು ಯಾವ ಇಳಿಜಾರಿನಲ್ಲಿ, ಯಾವ ಹಳ್ಳವನ್ನು ದಾಟಿಸಿ, ಯಾವ ಯಂತ್ರದಿಂದ ಎಳೆಯಲಾಗುತ್ತದೆ ಎಂಬುದರ ಮೇಲೆ ಅಷ್ಟು ಕಣ್ಣಿಲ್ಲ. ಮೂರನೆಯ ಬಾಗಿಲೇ ಎಲ್ಲಕ್ಕಿಂತ ಅಗಲವಾದದ್ದು. ಅದು ಯೋಜನೆಗಳ ಬಾಗಿಲು. ಬೆಳಗಾವಿಯಿಂದ ಖಾನಾಪುರ, ಲೋಂಡಾಗಳ ಮಾರ್ಗವಾಗಿ ಗೋವೆಯ ಗಡಿ ಮುಟ್ಟುವ ಹೆದ್ದಾರಿಯ ಅಗಲೀಕರಣ, ಲೋಂಡಾ ಮಿರಜ್ ನಡುವಿನ ಜೋಡಿ ಹಳಿ, ಕಣಕುಂಬಿಯ ಕಾಲುವೆ, ಇವೆಲ್ಲವುಗಳಲ್ಲಿ ಮರ ಉರುಳಿದ್ದು ನಾಟಾದ ಹೆಸರಿನಲ್ಲಿ ಅಲ್ಲ. ಹಾಗಾಗಿ ನಾಟಾ ತೆಗೆಯುವಾಗ ಪಾಲಿಸಬೇಕಾದ ಶಿಸ್ತು ಅಲ್ಲಿ ಯಾರಿಗೂ ನೆನಪಾಗಲಿಲ್ಲ.

ಗಂಟೆಯ ಲೆಕ್ಕದಿಂದ ನೋಡಿದರೆ ಯೋಜನೆಯ ಕಡಿತದಷ್ಟು ಉತ್ಪಾದಕವಾದುದು ಬೇರೊಂದಿಲ್ಲ. ಉಳಿಸಬೇಕಾದ ಮರವೇ ಇಲ್ಲವೆಂದ ಮೇಲೆ ಹಿಟಾಚಿ ಯಾರ ಮುಲಾಜಿಗೂ ಬಗ್ಗಬೇಕಿಲ್ಲ, ಬೇರುಸಹಿತ ದೂಡಿಕೊಂಡು ಮುಂದೆ ಸಾಗಬಹುದು. ನಿರ್ದಿಷ್ಟ ಸುತ್ತಳತೆಗಿಂತ ದೊಡ್ಡ ಮರಗಳು ಮಾತ್ರ ಪಟ್ಟಿಯಲ್ಲಿ ದಾಖಲಾಗುತ್ತವೆ. ಎಳೆಯ ಸಸಿ, ಬಳ್ಳಿ, ಪೊದೆಗಳ ಜೊತೆಗೆ ಪಟ್ಟಿಯ ಗಡಿಯಾಚೆ ಬೇರು ಕಡಿದುಕೊಂಡು ಮುಂದಿನ ಮಳೆಗಾಲದಲ್ಲಿ ವಾಲುವ ಮರಗಳು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಇಂಥ ಯೋಜನೆಗಳನ್ನು ತೂಗಿ ನೋಡಲು ಸಾಧ್ಯವಿದೆ ಎಂಬುದಕ್ಕೆ ಉದಾಹರಣೆ ಲೋಂಡಾದಾಚೆಯ ಘಟ್ಟದಲ್ಲಿಯೇ ಇದೆ. ಕ್ಯಾಸಲ್‌ರಾಕ್ ಮತ್ತು ಕುಳೆ ನಡುವಿನ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಆದರೆ ಪ್ರತಿಯೊಂದು ಗುಡ್ಡಕ್ಕೂ ದಿಲ್ಲಿಯ ಮೆಟ್ಟಿಲು ಹತ್ತುವ ಶಕ್ತಿ ಯಾವ ಸಂಘಟನೆಗೂ ಇಲ್ಲ.

ಯಂತ್ರವೇ ಬೇಡವೆನ್ನುವುದು ಸುಲಭದ ನಿಲುವು. ಮಳೆಗಾಲದಲ್ಲಿ ಚೋರ್ಲಾ ಘಟ್ಟದ ರಸ್ತೆಗೆ ಮರ ಬಿದ್ದರೆ ಚೈನ್‌ಸಾ ಇಲ್ಲದೆ ದಾರಿ ತೆರೆಯುವಂತಿಲ್ಲ. ಗರಗಸ ಹಿಡಿಯಲು ಇಂದಿನ ಯುವಕರು ಸಿಗುವುದಿಲ್ಲವೆಂಬ ಇಲಾಖೆಯ ಮಾತಿನಲ್ಲಿ ಹುರುಳಿದೆ. ಅವರು ಪುಣೆ, ಗೋವೆಗಳ ಕಾರ್ಖಾನೆ ಹೋಟೆಲುಗಳಿಗೆ ಹೋಗಿಯಾಗಿದೆ. ಹಾಗೆ ನೋಡಿದರೆ ತಂತಿಯಿಂದ ಎಳೆಯುವ ವಿಂಚನ್ನು ರಸ್ತೆಯ ಮೇಲೆಯೇ ನಿಲ್ಲಿಸಿ, ದಿಮ್ಮಿಯನ್ನು ಅಲ್ಲಿಂದಲೇ ಸೆಳೆದುಕೊಂಡರೆ ಟ್ರ್ಯಾಕ್ಟರು ಕಾಡಿನೊಳಗೆ ಇಳಿಯುವುದೇ ತಪ್ಪುತ್ತದೆ. ಅಲ್ಲಿ ಯಂತ್ರವೇ ಕಾಡಿನ ಮಿತ್ರ. ಮರ ಬೀಳುವ ದಿಕ್ಕನ್ನು ಮೊದಲೇ ನಿಶ್ಚಯಿಸಿ ಕಡಿಯುವ ವಿದ್ಯೆಯಿದೆ. ಕಡಿತಕ್ಕೆ ಕೆಲವು ತಿಂಗಳು ಮುಂಚೆಯೇ ಮರದಿಂದ ಮರಕ್ಕೆ ಹಬ್ಬಿದ ದಪ್ಪ ಬಳ್ಳಿಗಳನ್ನು ಕತ್ತರಿಸಿಬಿಟ್ಟರೆ, ಒಂದು ಮರ ಬೀಳುವಾಗ ಪಕ್ಕದ ಎರಡನ್ನು ಎಳೆದುಕೊಂಡು ಬೀಳುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1996ರಲ್ಲಿಯೇ ಮರ ಕಟಾವಿನ ಮಾದರಿ ಸಂಹಿತೆಯೊಂದನ್ನು ಹೊರತಂದಿದೆ. ಇವು ಗುಟ್ಟಿನ ವಿದ್ಯೆಗಳಲ್ಲ. ಆದರೆ ಇವೆಲ್ಲಕ್ಕೂ ಸಮಯ ತಗಲುತ್ತದೆ, ಅಂದರೆ ಗಂಟೆಯ ಫಸಲು ಇಳಿಯುತ್ತದೆ. ಕಡಿತ, ಎಳೆತ, ಸಾಗಣೆಗಳ ದರ ಘನಮೀಟರಿನ ಲೆಕ್ಕದಲ್ಲಿಯೇ ಇರುವಾಗ ಯಾವ ಗುತ್ತಿಗೆದಾರ ಅಷ್ಟು ನಿಧಾನಿಸಿಯಾನು?

ಬದಲಾಗಬೇಕಾದುದು ಈ ದರದ ಲೆಕ್ಕವೇ. ನಾಟಾ ಡಿಪೋದ ಪುಸ್ತಕದಲ್ಲಿ ದಿಮ್ಮಿಯ ಸಂಖ್ಯೆ, ಜಾತಿ, ಉದ್ದ, ಸುತ್ತಳತೆ, ಘನ ಅಳತೆಗಳಿಗೆ ಅಂಕಣಗಳಿವೆ. ಆ ದಿಮ್ಮಿಯನ್ನು ತರುವಾಗ ಮುರಿದ, ಸಿಪ್ಪೆ ಸುಲಿದ, ಬೇರು ಕಿತ್ತ ಮರಗಳಿಗೆ ಅಂಕಣವಿಲ್ಲ. ಅದೊಂದನ್ನು ಸೇರಿಸುವುದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. 2014ರಲ್ಲಿ ಬಂದು 2023ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಕಾರ್ಯ ಯೋಜನಾ ಸಂಹಿತೆಯ ಚೌಕಟ್ಟಿನಲ್ಲಿಯೇ, ಬೆಳಗಾವಿ ಅರಣ್ಯ ವಿಭಾಗ ತನ್ನ ಕಾರ್ಯ ಯೋಜನೆಯಲ್ಲಿ ಇದನ್ನು ಬರೆದುಕೊಳ್ಳಬಹುದು. ಎಣಿಸುವವರು ಕಡಿದವರೇ ಆಗಿರಬಾರದೆಂಬುದು ಮಾತ್ರ ಮುಖ್ಯ. ಸಹಭಾಗಿತ್ವದ ಅರಣ್ಯ ಯೋಜನೆಗೆ ರಾಜ್ಯದಲ್ಲಿ 1993ರಲ್ಲಿಯೇ ಆದೇಶವಾಗಿದೆ. ಗ್ರಾಮ ಅರಣ್ಯ ಸಮಿತಿಗಳು ನೆಡುತೋಪಿನ ಆದಾಯದಲ್ಲಿ ಪಾಲು ಕೇಳುವುದರ ಜೊತೆಗೆ ಈ ಎಣಿಕೆಯ ಹೊಣೆಯನ್ನೂ ಕೇಳಿ ಪಡೆಯಬೇಕು. ಮುರಿದ ಮರ ಮಿತಿ ಮೀರಿದರೆ ದರದಲ್ಲಿ ಕಡಿತ, ಮಿತಿಯೊಳಗಿದ್ದರೆ ಹೆಚ್ಚುವರಿ ದರ ಎಂಬ ಷರತ್ತು ಟೆಂಡರಿನಲ್ಲಿ ಸೇರಿದ ದಿನ ಗುತ್ತಿಗೆದಾರನೇ ದಾರಿಯನ್ನು ಮೊದಲು ಗುರುತು ಮಾಡಿಸುತ್ತಾನೆ.

ದಾರಿಯ ವಿಷಯ ಇನ್ನೂ ಸರಳ. ಹಳ್ಳದ ಪಾತ್ರದಲ್ಲಿ ಎಳೆಯಬಾರದು. ಕಡಿದಾದ ಇಳಿಜಾರಿನಲ್ಲಿ ನೇರ ಕೆಳಗೆ ಎಳೆಯಬಾರದು. ಕೆಲಸ ಮುಗಿದ ಮೇಲೆ ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಮಣ್ಣಿನ ಏರಿ ಹಾಕಿ, ನೀರನ್ನು ಪಕ್ಕದ ಕಾಡಿಗೆ ತಿರುಗಿಸಿ, ಕಡಿದ ಕೊಂಬೆ ರೆಂಬೆಗಳನ್ನು ದಾರಿಯ ಮೇಲೆ ಹರಡಬೇಕು. ತೋಟದಲ್ಲಿ ಮಣ್ಣು ಕಾಯ್ದುಕೊಂಡು ಬಂದ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಗೋಲಿಹಳ್ಳಿಯಲ್ಲಾಗಲಿ ಗುಂಜಿಯಲ್ಲಾಗಲಿ ಒಬ್ಬ ಹಿರಿಯನನ್ನು ಕೂಪಿಗೆ ಕರೆದೊಯ್ದರೆ, ಮಳೆ ನೀರು ಎತ್ತ ಹರಿಯುತ್ತದೆಂದು ಕೋಲಿನಿಂದ ಗೆರೆ ಎಳೆದು ತೋರಿಸುತ್ತಾನೆ.

ಹೆದ್ದಾರಿ ಹಳಿಗಳ ಕಡಿತಕ್ಕೂ ಇವೇ ಷರತ್ತುಗಳು ಅನ್ವಯಿಸಬೇಕು. ಪಟ್ಟಿಯ ಅಂಚಿನಿಂದಾಚೆ ಎರಡು ಮಳೆಗಾಲಗಳವರೆಗೆ ಬೀಳುವ ಮರಗಳನ್ನು ಯೋಜನೆಯ ಖಾತೆಗೇ ಸೇರಿಸಬೇಕು. ಕಡಿದ ಮರಕ್ಕೆ ಬದಲಾಗಿ ಬೇರೆಲ್ಲೋ ಬಯಲುಸೀಮೆಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯನ್ನು ಮುಂದೊಡ್ಡಿ ಈ ಖಾತೆಯನ್ನು ಮುಚ್ಚಲು ಬಿಡಬಾರದು.

ಕೂಪಿನ ಕೆಲಸ ಮಳೆ ನಿಂತು ನೆಲ ಒಣಗಿದ ಮೇಲೆ ಆರಂಭವಾಗುತ್ತದೆ. ಟೆಂಡರಿನ ಷರತ್ತುಗಳು ಅದಕ್ಕೂ ಮೊದಲೇ, ಮಳೆಗಾಲದಲ್ಲಿಯೇ, ಬೆಳಗಾವಿಯ ಕಚೇರಿಗಳಲ್ಲಿ ಬರೆಯಲ್ಪಡುತ್ತವೆ. ಗ್ರಾಮ ಅರಣ್ಯ ಸಮಿತಿಗಳು, ಗ್ರಾಮ ಪಂಚಾಯಿತಿಗಳು ಮುರಿದ ಮರದ ಅಂಕಣವನ್ನು ಕೋರುವ ಠರಾವುಗಳನ್ನು ಆ ಹೊತ್ತಿಗೆ ಮಾಡಿ, ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಮುಟ್ಟಿಸಿ, ಮುಟ್ಟಿದ ಮೊಹರಿನ ಪ್ರತಿಯನ್ನು ಇಟ್ಟುಕೊಳ್ಳಬೇಕು. ದಿಮ್ಮಿಗಳು ಡಿಪೋ ಸೇರಿದ ಮೇಲೆ ಕೊಟ್ಟ ಮನವಿಯಿಂದ ಆ ವರ್ಷದ ಕಾಡಿಗೆ ಏನೂ ಆಗುವುದಿಲ್ಲ.